ನಾಲಿಗಿ ನಾಗಲಿಂಗ

ಮೊದಲ ಹನಿ ನಾಲಿಗೆಯ ಮೇಲೆ ಬಿದ್ದ ಕೂಡಲೇ ನಾಗಲಿಂಗ ಕಣ್ಣು ಮುಚ್ಚಿಕೊಂಡ. ಒಳಗೆ ಏನೋ ದೊಡ್ಡ ಕೆಲಸ ನಡೆದಿದೆ ಎಂದು ಎದುರಿಗೆ ಕೂತವನಿಗೆ ಅನ್ನಿಸಬೇಕಲ್ಲ, ಅದಕ್ಕೆ. ಸಿಹಿ ಇತ್ತು. ಸಿಹಿಯ ಬೆನ್ನಿಗೆ ತುಸು ಕಹಿ, ಅದರ ಬೆನ್ನಿಗೆ ಗಂಟಲನ್ನು ಕೆರೆದುಕೊಂಡು ಇಳಿಯುವ ಘಾಟು. ಅಷ್ಟೇ. ಆ ಸಿಹಿ ಮಾವಿನದೋ ಗುಲಾಬಿಯದೋ ಎಂದು ಹೇಳಬೇಕಾದದ್ದು ನಾಲಿಗೆಯಲ್ಲ, ಮೂಗು. ಅವನ ಮೂಗು ಕೊರೋನಾ ಜ್ವರದ ವರ್ಷ ಸತ್ತದ್ದು ಮತ್ತೆ ಎದ್ದಿರಲಿಲ್ಲ. ಮುಖದ ನಡುವೆ ನೆಟ್ಟಗೆ ಕೂತಿತ್ತು, ಕನ್ನಡಕ ಹೊರುತ್ತಿತ್ತು, ನೆಗಡಿಯಾದರೆ ಸೋರುತ್ತಿತ್ತು, ವಾಸನೆ ಹಿಡಿಯುವುದೊಂದನ್ನು ಬಿಟ್ಟು ಮೂಗು ಮಾಡುವ ಎಲ್ಲ ಕೆಲಸ ಮಾಡುತ್ತಿತ್ತು. ಇದು ಇಡೀ ಇಳಕಲ್ಲಿನಲ್ಲಿ ಅವನೊಬ್ಬನಿಗೇ ಗೊತ್ತು. ಹೆಂಡತಿ ಬಸವೇಶ್ವರಿಗೆ ಗೊತ್ತಿಲ್ಲ. ಎದುರಿಗೆ ಮೊಣಕಾಲ ಮೇಲೆ ಗದ್ದ ಊರಿ ಕೂತಿದ್ದ ಅವಳ ತಮ್ಮ ವಿಜಯಮಹಾಂತೇಶನಿಗಂತೂ ಗೊತ್ತಾಗಲೇಬಾರದು. ಅವನು ನಂಬಿ ಬಂದದ್ದೇ ಈ ನಾಲಿಗೆಯನ್ನು.

"ಹ್ಯಾಂಗದರಿ, ಮಾವಾರ?" ಎಂದ ಮಹಾಂತೇಶ.

"ತಡೀಲೇ. ಕೆಳಗ ಇಳೀಲಿ."

ಉಗುಳಲೆಂದು ಮಹಾಂತೇಶ ಮೊದಲ ದಿನವೇ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದ. ಅದು ಈವರೆಗೂ ಒಣಗಿಯೇ ಇತ್ತು. ಬಾಯಿಗೆ ಬಂದದ್ದನ್ನು ಉಗುಳಬಾರದು, ಅದು ಪ್ರಸಾದ. ರುಚಿ ಮೊದಲು ಲಿಂಗಕ್ಕೆ, ಆಮೇಲೆ ನಿನಗೆ ಎಂದು ತಾಯಿ ಸಂಗವ್ವ ಸಣ್ಣವನಿದ್ದಾಗ ಕಲಿಸಿದ್ದು ಕೈಯಲ್ಲೇ ಉಳಿದುಬಿಟ್ಟಿತ್ತು. ಹನಿ ನಾಲಿಗೆಗೆ ಬೀಳುವ ಮೊದಲು ಎಡಗೈ ತಾನಾಗಿ ಅಂಗಿಯ ಮೇಲಿನಿಂದಲೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ಬರುತ್ತಿತ್ತು. ಮುಟ್ಟಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಸರಕಾರ ಬಂದ್ ಮಾಡಿದ ಹೊಗೆಯೆಣ್ಣೆ, ಅದಕ್ಕೆ ಹಾಕುವ ಸುಳ್ಳು ಹಣ್ಣಿನ ಅರ್ಕ, ಅದನ್ನು ಲಿಂಗಕ್ಕೆ ತೋರಿಸಿ ನುಂಗುವ ಭಕ್ತ! ಅದರಲ್ಲಿ ತೋರಿಸಲಿಕ್ಕೆ ರುಚಿ ಎಂಬುದಾದರೂ ಎಲ್ಲಿತ್ತು? ಇಲ್ಲದ್ದನ್ನು ಅರ್ಪಿಸಿ ಇಲ್ಲದ್ದನ್ನು ಉಣ್ಣುವ ಇಂಥ ನೇಮ ಯಾವ ಶರಣರೂ ಮಾಡಿರಲಿಕ್ಕಿಲ್ಲ.

ಅವನು ಕಣ್ಣು ತೆರೆದು, ಹುಬ್ಬು ತುಸು ಗಂಟು ಹಾಕಿ, "ಮೊದಲ ನೀ ಹೇಳು, ನಿನಗ ಹ್ಯಾಂಗ ಅನಸ್ತು?" ಎಂದ. ಇದೇ ಅವನ ಯುಕ್ತಿ. ಗುರು ಶಿಷ್ಯನನ್ನು ಪರೀಕ್ಷೆ ಮಾಡಿದ ಹಾಗೆ ಕೇಳುವುದು. ಶಿಷ್ಯ ಬಾಟಲಿಗೆ ಮೂಗು ಹಿಡಿದು ಏನೋ ಒಂದು ಹೇಳುವುದು. ಗುರು ಅದನ್ನೇ ತುಸು ತಿರುವಿ ವಾಪಸು ಕೊಡುವುದು. "ಮಾವು ಅನಸ್ತದರಿ, ಆದ್ರ ಏನೋ ಕಡಿಮಿ ಬಿದ್ದಂಗ," ಎಂದ ಮಹಾಂತೇಶ. "ಹಣ್ಣು ಐತಿ, ತೊಟ್ಟು ಇಲ್ಲ," ಎಂದ ನಾಗಲಿಂಗ. "ಮಾವಿನಹಣ್ಣ ತಿನ್ನುವಾಗ ತೊಟ್ಟಿನ ಸೊನಿ ತುಟಿಗೆ ಹತ್ತಿ ಸುಡತೈತೆಲ್ಲ, ಅದು ಬೇಕು. ಘಾಟು ಒಂದೆಳಿ ಏರಸು." ಮಹಾಂತೇಶ ತೊಡೆ ತಟ್ಟಿಕೊಂಡ. "ನೋಡ್ರಿ, ಇದಕ್ಕ ನಿಮ್ಮನ್ನ ನಾಲಿಗಿ ನಾಗಲಿಂಗ ಅನ್ನೂದು." ಹುನಗುಂದದಲ್ಲಿ ಮೊಬೈಲ್ ದುರಸ್ತಿ ಅಂಗಡಿ ಇಟ್ಟವನು ಅವನು. ಮಾವನ ಮನೆಯ ಈ ಮಾಳಿಗೆಯ ಕೋಣೆಯಲ್ಲಿ ಗ್ಲಿಸರಿನ್ನು, ಸೂಜಿಯಿಲ್ಲದ ಸಿರಿಂಜು, ಕೊರಿಯರಿನಲ್ಲಿ ಬರುವ ಗಟ್ಟಿ ಎಸೆನ್ಸಿನ ಬಾಟಲಿಗಳು ಹರಡಿಕೊಂಡು ವೇಪಿನ, ಅಂದರೆ ಹೊಗೆಯೆಳೆಯುವ ಪುಟ್ಟ ಯಂತ್ರದ, ಎಣ್ಣೆ ಕಲಸಲು ಶುರುಮಾಡಿ ಅರ್ಧ ವರ್ಷವಾಗುತ್ತ ಬಂದಿತ್ತು. ಬಾಗಲಕೋಟೆಯ ಕಾಲೇಜು ಹುಡುಗರು ಕದ್ದು ಒಯ್ಯುತ್ತಿದ್ದರು. ಬಂದ್ ಮಾಡಿದ್ದಕ್ಕೆ ಎಂದಿದ್ದರೂ ರುಚಿ ಹೆಚ್ಚು.

ನಾಲಿಗಿ ನಾಗಲಿಂಗ ಎಂಬ ಹೆಸರು ಇಟ್ಟವರು ಅವನು ಹಿಂದೆ ದುಡಿಯುತ್ತಿದ್ದ ಶರಬತ್ತಿನ ಕಾರಖಾನೆಯ ಮಾಲೀಕರು ಧರ್ಮರಾಜಪ್ಪನವರು. ಆಗ ಬೇಸಿಗೆ ಹಿಡಿಯಿತೆಂದರೆ ಅವರ ಖಸ್, ಗುಲಾಬಿ, ಕಿತ್ತಳೆಯ ಬಾಟಲಿಗಳು ಬಾದಾಮಿಯ ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತಿದ್ದವು, ಮತ್ತು ನಾಗಲಿಂಗನ ನಾಲಿಗೆ ಹೂಂ ಅನ್ನದೆ ಒಂದು ಬಾಟಲಿಗೂ ಬಿರಡೆ ಬೀಳುತ್ತಿರಲಿಲ್ಲ. ಒಮ್ಮೆ ಕಣ್ಣಿಗೆ ಟವೆಲು ಕಟ್ಟಿ ಪೇರಲದ ಹೋಳು ಬಾಯಿಗಿಟ್ಟರೆ, ಇದು ಬಾದಾಮಿಯ ಕಡೆಯ ಹಣ್ಣು, ಇದು ಕೊಳವೆಬಾವಿ ನೀರಿನದು, ಇದನ್ನು ಮಾರಿದವಳ ಬುಟ್ಟಿಯಲ್ಲಿ ಮೊದಲು ಉಳ್ಳಾಗಡ್ಡಿ ಇತ್ತು ಎಂದು ಹೇಳಿ ಮಂದಿಯ ಬಾಯಿಗೆ ಬೀಗ ಹಾಕಿದ್ದ. ಎಲ್ಲರೂ ನಾಲಿಗೆಯನ್ನು ಹೊಗಳಿದರು. ಅವನೂ ನಾಲಿಗೆಯೇ ಅಂದುಕೊಂಡಿದ್ದ. ಮನೆಯಲ್ಲಿ ಯಾರು ದುಡಿಯುತ್ತಿದ್ದರು ಎಂಬುದು ದುಡಿಯುವವರು ಹೋದ ಮೇಲೆ ತಿಳಿಯುವ ಹಾಗೆ, ಮೂಗು ಹೋದ ಮೇಲೆ ತಿಳಿಯಿತು. ಆ ಜ್ವರದಲ್ಲಿ ಓಣಿಯಲ್ಲಿ ಎಲ್ಲರದೂ ಹೋಗಿತ್ತು, ಎಲ್ಲರದೂ ಬಂತು. ಶೇಂಗಾ ಹುರಿಯುತ್ತ ನಿಂತಿದ್ದ ಬಸವೇಶ್ವರಿ ಒಂದು ಮಧ್ಯಾಹ್ನ, "ಬಂತ್ರಿ! ನನ್ನ ವಾಸನಿ ಬಂತು! ನಿಮಗ?" ಎಂದು ಒಲೆಯ ಮುಂದಿನಿಂದ ಕೂಗಿದಳು. ಅವಳ ಸಂತೋಷಕ್ಕೆ ಕಲ್ಲು ಹಾಕುವುದೇಕೆ, ನಾಳೆ ನನ್ನದೂ ಬಂದೇ ಬರುತ್ತದಲ್ಲ ಎಂದು ಅವನು, "ನನಗೂ ಬಂತು," ಎಂದ. ಆ ನಾಳೆ ಬರಲಿಲ್ಲ. ಒಮ್ಮೆ ಬಂತು ಎಂದವನು ಬಂದಿಲ್ಲ ಎನ್ನುವುದು ಹೇಗೆ? ದಿನ ಕಳೆದಷ್ಟೂ ಆ ಮಾತು ಗಟ್ಟಿಯಾಯಿತು. ಆಮೇಲೆ ಕಾರಖಾನೆಯೂ ಮುಚ್ಚಿತು, ಅದು ಬೇರೆ ಕಾರಣಕ್ಕೆ. ಆದರೂ ಅವನಿಗೆ ತನ್ನಿಂದಲೇ ಮುಚ್ಚಿತೇನೋ ಎಂದು ಅಳುಕು. ಕೊನೆಯ ಬೇಸಿಗೆಯ ಗುಲಾಬಿ ಶರಬತ್ತು ಸೋಪಿನ ಹಾಗೆ ಇತ್ತೆಂದು ಯಾರೋ ಆಡಿದ್ದು ಕಿವಿಗೆ ಬಿದ್ದಿತ್ತು.

ಹಾಗಿದ್ದೂ ಮಹಾಂತೇಶ ಕರೆದಾಗ ಯಾಕೆ ಒಪ್ಪಿದ? ಹೊಗಳಿಕೆಯ ಆಸೆ ಖರೆ. ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಒಂದು ಹನಿ ಅರಿವೆಗೆ ಬಿದ್ದರೆ ವಾರಗಟ್ಟಲೆ ಹೋಗದಷ್ಟು ಗಟ್ಟಿಯಾದ ವಾಸನೆ ಇವು. ಒಂದಲ್ಲ ಒಂದು ದಿನ ಯಾವುದಾದರೂ ಒಂದು ತನ್ನ ಮುಚ್ಚಿದ ಬಾಗಿಲನ್ನು ಒದ್ದು ಒಳಗೆ ಬಂದೀತು. ಮಹಾಂತೇಶ ಇಲ್ಲದಾಗ ಒಬ್ಬನೇ ಮಾಳಿಗೆ ಹತ್ತಿ ಬಾಟಲಿಯ ಬಾಯನ್ನು ಮೂಗಿನ ಹೊಳ್ಳೆಗೆ ಒತ್ತಿ ಹಿಡಿದು ಎದೆ ತುಂಬ ಎಳೆದುಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು, ಮಿದುಳು ಉರಿಯುತ್ತಿತ್ತು. ಪುದೀನ ತಣ್ಣಗೆ ಕೊರೆಯುತ್ತಿತ್ತು, ದಾಲ್ಚಿನ್ನಿ ಚುಚ್ಚುತ್ತಿತ್ತು. ಅವೆಲ್ಲ ಬಾಗಿಲು ಬಡಿದು ಹೋಗುವವರೇ ಹೊರತು ಒಳಗೆ ಬರುವವರಲ್ಲ. ಅವನ ಪಾಲಿಗೆ ಲೋಕದಲ್ಲಿ ಉಳಿದದ್ದು ಘಾಟು ಒಂದೇ.

ಕೆಳಗಿನಿಂದ ಕೋಲು ಕುಟ್ಟುವ ಸದ್ದು ಬಂತು. ತಾಯಿ ಕರೆಯುತ್ತಿದ್ದಾಳೆ. ನಾಗಲಿಂಗ ಎದ್ದ. "ಹೋಗಿ ಬರ್ರಿ," ಎಂದು ಮಹಾಂತೇಶ ಗೌರವದಿಂದ ಕಾಲು ಮಡಚಿ ದಾರಿ ಬಿಟ್ಟ. ಈ ವಿಷಯದಲ್ಲಿ ಓಣಿಯೆಲ್ಲ ಅವನಿಗೆ ದಾರಿ ಬಿಡುತ್ತಿತ್ತು. ಸಂಗವ್ವನಿಗೆ ಲಕ್ವಾ ಹೊಡೆದು ಎಡಗಡೆಯ ಮೈ ಸತ್ತು ಹಾಸಿಗೆ ಹಿಡಿದಾಗ, ಮೊದಲು ಎತ್ತಿ ಇಳಿಸಿದವಳು ಬಸವೇಶ್ವರಿಯೇ. ಆದರೆ ಒಂದು ದಿನ ಮುದುಕಿ, "ಆಕಿ ಸೆರಗ ಮೂಗಿಗೆ ಹಿಡೀತಾಳ. ಆಕಿ ಕೈ ನನಗ ಬ್ಯಾಡ," ಎಂದು ಹಟ ಹಿಡಿದಳು. ಸೊಸೆಯದೇನು ತಪ್ಪು? ಹೊಟ್ಟೆ ತೊಳಸುವುದನ್ನು ತಡೆಯಲು ಯಾರಿಂದಾದೀತು? ಅಂದಿನಿಂದ ತಾಯಿಯ ಮಲಮೂತ್ರ ನಾಗಲಿಂಗನ ಪಾಲಿಗೆ ಬಂತು. ಅವನು ಮೂಗು ಮುಚ್ಚಲಿಲ್ಲ, ಮುಖ ಕಿವುಚಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ. ನೋಡಿದವರು ದಂಗಾದರು. ಪಕ್ಕದ ಮನೆಯ ಸಿದ್ದಲಿಂಗವ್ವ, "ಹಡದ್ರ ಇಂಥಾ ಮಗನ್ನ ಹಡೀಬೇಕು," ಎಂದು ಬೀದಿಗೆಲ್ಲ ಸಾರಿದಳು. ಬಸವಜಯಂತಿಯ ದಿವಸ ಓಣಿಯವರು ಕರೆದು ಕೂಡಿಸಿ, ಮಾತೃಸೇವೆ ಎಂದು ಏನೇನೋ ಮಾತಾಡಿ ಶಾಲು ಹೊದಿಸಿಬಿಟ್ಟರು. ಉರಿಬಿಸಿಲಿನಲ್ಲಿ ಆ ಶಾಲು ಹೊದ್ದು ಬೆವರುತ್ತ ನಿಂತ ನಾಗಲಿಂಗನಿಗೆ, ಕುರುಡನಿಗೆ ಪರಸ್ತ್ರೀಯರನ್ನು ನೋಡದವನೆಂದು ಸನ್ಮಾನ ಮಾಡಿದ ಹಾಗಾಗಿತ್ತು. ನಗುವುದೋ ಅಳುವುದೋ ತಿಳಿಯದೆ ಕೈಮುಗಿದಿದ್ದ.

ಕೆಳಗೆ ತಾಯಿಯ ಕೋಣೆ ಅರೆಗತ್ತಲೆ. ಹಿಂದಿನ ಮನೆಯ ಮಗ್ಗದ ಸದ್ದು ಗೋಡೆಯಿಂದ ಬರುತ್ತಿತ್ತು. "ಒದ್ದಿ ಆತೋ ತಮ್ಮಾ," ಎಂದಳು ಸಂಗವ್ವ. ಅವನು ಬಕೀಟು ತಂದ, ಅರಿವೆ ತೋಯಿಸಿದ, ಅವಳನ್ನು ಗೋಡೆಗೆ ಹೊರಳಿಸಿದ. ಹೊರಳಿಸುತ್ತಲೇ ಎಂದಿನ ಹಾಗೆ ಮುಖ ತಿರುಗಿಸಿ ಎದುರಿನ ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟ. ಹೆತ್ತವಳ ಮೈಯನ್ನು ಮಗ ಕಣ್ಣಿಂದ ನೋಡಬಾರದು. ಯಾರೂ ಹೇಳಿಕೊಡದೆ ಅವನು ಪಾಲಿಸಿಕೊಂಡು ಬಂದ ಮರ್ಯಾದೆ ಅದು. ಕೈ ತನ್ನಷ್ಟಕ್ಕೆ ಒರೆಸುತ್ತಿತ್ತು, ಹಳೆಯ ಅರಿವೆ ತೆಗೆದು ಸುತ್ತಿ ಬಕೀಟಿಗೆ ಹಾಕುತ್ತಿತ್ತು, ಪೌಡರು ಸುರಿಯುತ್ತಿತ್ತು, ಹೊಸ ಅರಿವೆ ಸುತ್ತುತ್ತಿತ್ತು. ಟೊಂಕದ ಕೆಳಗೆ ಏನೋ ಮೆತ್ತಗೆ ಜಾರಿದ ಹಾಗಾಯಿತು. ಪೌಡರು ನೀರಿಗೆ ಕಲಸಿ ಹಿಟ್ಟಾಗಿರಬೇಕು ಎಂದುಕೊಂಡ. "ನೋಯ್ತೈತೇನಬೇ?" ಎಂದ. "ಸತ್ತ ಕಡಿಗೆ ಏನ ನೋವೋ," ಎಂದಳು ಅವಳು. ಅಷ್ಟು ಹೇಳಿ ಏನನ್ನೋ ಕಾಯುವವಳ ಹಾಗೆ ಕತ್ತು ಹೊರಳಿಸಿ ಅವನ ಮುಖ ನೋಡಿದಳು. ಅವನು ಬಕೀಟು ಎತ್ತಿಕೊಂಡು ಹೊರಗೆ ಹೋದ.

ಕೈ ತೊಳೆಯುವಾಗ ಮುಂಜಾನೆಯ ಮಾತು ಸುಮ್ಮಸುಮ್ಮನೆ ನೆನಪಾಯಿತು. ಅಂಗನವಾಡಿಗೆ ಹೊರಟ ಬಸವೇಶ್ವರಿ ಚಪ್ಪಲಿ ಮೆಟ್ಟುತ್ತ, "ಮ್ಯಾಲ ದ್ರಾಕ್ಷಿ ಮಾಡ್ಯಾನೇನ್ರಿ ಮಾಂತೇಶ? ಮೂರ್ನಾಕ ದಿವಸಾತು, ಮನಿ ತುಂಬ ದ್ರಾಕ್ಷಿ," ಎಂದಿದ್ದಳು. ಬಾಟಲಿಗಳು ಬಂದಾಗಿನಿಂದ ಅವಳು ತಲೆನೋವೆಂದು ಹಣೆಗೆ ಅಮೃತಾಂಜನ ತಿಕ್ಕಿಕೊಂಡೇ ತಿರುಗುತ್ತಿದ್ದಳು. ಇವನಿಗೆ ಏನು ಗೊತ್ತು? ಆದರೂ, "ಹೂಂ, ದ್ರಾಕ್ಷಿ," ಎಂದ. "ಕೊಳತ ದ್ರಾಕ್ಷಿ ಇದ್ದಂಗ ಐತಿ ನೋಡ್ರಿ. ಅಡಗಿ ಮನಿತನಾ ಬರತೈತಿ." "ಅದು ಹಾಂಗ. ಹದಾ ಆಗೂತನಕ ಹುಳಿ ಬಡೀತೈತಿ," ಎಂದು ತಿಳಿದವನ ಗತ್ತಿನಲ್ಲಿ ಹೇಳಿದ. ಅವಳು ಹೋದ ಮೇಲೆ ಆ ಉತ್ತರ ಎಷ್ಟು ಚೆನ್ನಾಗಿ ಬಂತಲ್ಲ ಎಂದು ತನ್ನಷ್ಟಕ್ಕೆ ಖುಷಿಪಟ್ಟೂ ಇದ್ದ. ಸುಳ್ಳು ಹೇಳಿ ಹೇಳಿ ಸುಳ್ಳಿನಲ್ಲೂ ಒಂದು ಹದ ಬಂದಿತ್ತು.

ಸಂಜೆಯ ಮುಂದೆ ಬಾಗಲಕೋಟೆಯಿಂದ ದೀಪಕ ಬಂದ. ಎಣ್ಣೆ ಒಯ್ದು ಹಂಚುವವನು ಅವನೇ. ಮೈಗೆಲ್ಲ ಸೆಂಟು ಹೊಡೆದುಕೊಂಡು ತಿರುಗುವ ಸಪೂರ ಮನುಷ್ಯ. ಮಾವಿನ ಬಾಟಲಿಯನ್ನು ಮೂಸಿದ, ಯಂತ್ರಕ್ಕೆ ಹಾಕಿ ಒಂದು ದಮ್ಮು ಎಳೆದ, ಕೆಮ್ಮಿದ. "ಇದೇನ್ರಿ, ಹಣ್ಣೊ ಮೆಣಸಿನಕಾಯೊ? ಬರೇ ಘಾಟು. ಹೋದ ಸಲದ್ದೂ ಹಿಂಗ ಇತ್ತು. ಹುಡುಗ್ರು ವಾಪಸ ತಂದ ಕೊಟ್ಟಾರ." ಮಹಾಂತೇಶ ಮಾವನ ಮುಖ ನೋಡಿದ. ನಾಗಲಿಂಗ ಕಿಟಕಿಯ ಹೊರಗೆ ನೋಡಿದ. ಹೊರಗೆ ಯಾರದೋ ಮಾಳಿಗೆಯ ಮೇಲೆ ನೂಲಿನ ಲಡಿಗಳು ಒಣಗುತ್ತಿದ್ದವು, ಕಡುಗೆಂಪು. ಧರ್ಮರಾಜಪ್ಪನವರ ಮುಂದೆ ಗುಲಾಬಿಯ ಬಾಟಲಿ ಹಿಡಿದು ನಿಂತದ್ದೂ ಹೀಗೇ ಸಂಜೆ. ಆಗಲೂ ಕಿಟಕಿ ಇತ್ತು, ಸದ್ಯ.

"ಈ ಮಾವು ಗೀವು ಬಿಡ್ರಿ," ಎಂದ ದೀಪಕ. "ನೀವು ಕೆಳಗ ಇಟ್ಟೀರೆಲ್ಲ ದ್ರಾಕ್ಷಿ, ಅದ ಕೊಡ್ರಿ. ಪಾವಟಿಗಿ ಹತ್ತುವಾಗ ಗಪ್ ಅಂತ ಹೊಡೀತು. ಖರೆ ಹಣ್ಣು ಕೊಳತಂಗ ಐತಿ. ಅಂಥಾ ಮಾಲು ಎಲ್ಲೂ ಸಿಗೂದಿಲ್ಲ."

"ದ್ರಾಕ್ಷಿ?" ಎಂದ ಮಹಾಂತೇಶ. "ದ್ರಾಕ್ಷಿ ನಾ ತರಿಸೇ ಇಲ್ಲಲ್ಲ."

ಮಗ್ಗದ ಸದ್ದು ನಿಂತಿರಲಿಲ್ಲ, ಆದರೆ ನಾಗಲಿಂಗನಿಗೆ ನಿಂತ ಹಾಗೆ ಕೇಳಿಸಿತು. "ಮಾವಾರ, ನನಗ ಹೇಳದ ನೀವೇನರ ಬ್ಯಾರೆ ಕಲಸಿಟ್ಟೀರೇನು?" ಎಂದು ಮಹಾಂತೇಶ ಅರ್ಧ ನಗುತ್ತ ಎದ್ದ. ಹೌದು ಎನ್ನಲಿಕ್ಕೂ ಬಾಯಿ ಬಂತು, ನೋಡಿ, ಆ ಹೊತ್ತಿನಲ್ಲೂ! ಅಷ್ಟರಲ್ಲಿ ಮಹಾಂತೇಶ ಪಾವಟಿಗೆ ಇಳಿಯುತ್ತಿದ್ದ, ಮೂಗು ಮುಂದೆ, ಕಾಲು ಹಿಂದೆ. ಅವನ ಬೆನ್ನ ಹಿಂದೆ ನಾಗಲಿಂಗ. ಮಹಾಂತೇಶ ಪಡಸಾಲೆ ದಾಟಿದ, ದೇವರ ಜಗಲಿ ದಾಟಿದ, ಅಡಿಗೆಮನೆಯ ಬಾಗಿಲಿಗೆ ಹೋಗಿ ಮೂಸಿ ತಿರುಗಿದ, ಸಂಗವ್ವನ ಕೋಣೆಯ ಹೊಸ್ತಿಲಲ್ಲಿ ಗಕ್ಕನೆ ನಿಂತ. ತನ್ನದೇ ಮನೆಯಲ್ಲಿ ಇನ್ನೊಬ್ಬನ ಮೂಗು ಹಿಡಿದುಕೊಂಡು ನಡೆಯಬೇಕಾಯಿತಲ್ಲ ಎಂದು ನಾಗಲಿಂಗನಿಗೆ ಅನ್ನಿಸಿತು. ಮುದುಕಿ ನಿದ್ದೆಯಲ್ಲಿದ್ದಳು, ಅಥವಾ ಕಣ್ಣು ಮುಚ್ಚಿಕೊಂಡಿದ್ದಳು. ಮಹಾಂತೇಶ ಚಾದರ ಎತ್ತಿದ. ಎತ್ತಿದವನು ಬಾಯಿಗೆ ಕೈ ಒತ್ತಿಕೊಂಡು ಹಿತ್ತಲಿಗೆ ಓಡಿದ. ಅವನು ಕಾರಿಕೊಳ್ಳುವ ಸದ್ದು ಕೇಳುತ್ತ ನಾಗಲಿಂಗ ಮೊಟ್ಟಮೊದಲ ಸಲ ತಾಯಿಯ ಮೈಯನ್ನು ಕಣ್ಣಿಟ್ಟು ನೋಡಿದ. ಟೊಂಕದ ಕೆಳಗೆ ಅಂಗೈ ಹೋಗುವಷ್ಟು ಬಾಯಿ ಬಿಟ್ಟ ಹುಣ್ಣು. ಅಂಚು ಕಪ್ಪು, ಒಳಗೆ ಹಸಿರು ಕೀವು, ಅದರ ಮೇಲೆ ಅವನು ಮಧ್ಯಾಹ್ನ ಸುರಿದ ಪೌಡರು. ಬಾಗಿ ಮೂಗನ್ನು ಹತ್ತಿರ ಒಯ್ದ. ಎದೆ ತುಂಬ ಎಳೆದುಕೊಂಡ. ಏನೂ ಇರಲಿಲ್ಲ. ಇದಕ್ಕೆ ಘಾಟೂ ಇರಲಿಲ್ಲ.

ಓಣಿಯ ಅಮರೇಶನ ಬಾಡಿಗೆ ಗಾಡಿಯಲ್ಲಿ ಸಂಗವ್ವನನ್ನು ಮಲಗಿಸಿಕೊಂಡು ಬಾಗಲಕೋಟೆಯ ದವಾಖಾನೆಗೆ ಹೊರಟರು. ಅಂಗನವಾಡಿಯಿಂದ ಓಡಿಬಂದ ಬಸವೇಶ್ವರಿ ಮುಂದಿನ ಸೀಟಿನಲ್ಲಿ ಸೆರಗನ್ನು ಮೂಗಿಗೆ ಒತ್ತಿ ಕೂತಿದ್ದಳು. ಮಹಾಂತೇಶ ಹಿಂದೆ ಬೈಕಿನಲ್ಲಿ ಬರುತ್ತಿದ್ದ. ಅಮರೇಶ ನಾಲ್ಕೂ ಕಿಟಕಿಯ ಗಾಜು ಇಳಿಸಿದ. ಗಾಡಿ ಹುನಗುಂದ ದಾಟಿತು. ಆಮೇಲೆ ಬಸವೇಶ್ವರಿ ಹಿಂದಿರುಗಿ ನೋಡದೆ, "ಮುಂಜಾನಿ ನಾ ಕೇಳಿದ್ನೆಲ್ರಿ," ಎಂದಳು. ಬೈದಿದ್ದರೆ ಆಗುತ್ತಿತ್ತು. ಅವಳ ದನಿಯಲ್ಲಿ ಇದ್ದದ್ದು ಹೆದರಿಕೆ. ಈ ಗಂಡಸಿನ ಜೊತೆ ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೆನೇ ಎಂಬ ಹೆದರಿಕೆ. ಈಗ ಹೇಳಿಬಿಡಬೇಕು, ನನಗೆ ವಾಸನೆ ಬರುವುದಿಲ್ಲ, ಎಂದೋ ಹೋಯಿತು ಎಂದು. ತುಟಿಯವರೆಗೆ ಬಂತು. ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ತಾಯಿ ಆಗ ಕಣ್ಣು ತೆರೆದಳು. ಜ್ವರದಿಂದ ಅವಳ ಮುಖ ಕಾದ ಹಂಚಾಗಿತ್ತು.

"ತಮ್ಮಾ," ಎಂದಳು, ಬಲಗೈಯಿಂದ ಅವನ ಗದ್ದ ಹುಡುಕಿ ಮುಟ್ಟುತ್ತ. "ನನ್ನ ಮೈ ಕೊಳತದ್ದು ನನಗ ಗೊತ್ತಿತ್ತೋ. ನನ್ನ ವಾಸನಿ ನನಗ ಬರತಿತ್ತು. ನಿನ್ನ ಮಾರಿ ನೋಡತಿದ್ದೆ. ನೀ ಒಂದ ದಿವಸ ಮೂಗ ಮುಚ್ಚಲಿಲ್ಲ, ಮಾರಿ ಸಣ್ಣದ ಮಾಡಲಿಲ್ಲ. ಮಗನ ಹೇಸಲಿಲ್ಲಂದ ಮ್ಯಾಲ ನಾ ಯಾಕ ಒದರಾಡ್ಲಿ ಅಂತ ಸುಮ್ಕಾದೆ. ಎಲ್ಲಾರೂ ಮೂಗ ಮುಚ್ಚಿದ್ರೋ. ನೀ ಒಬ್ಬಾವ ಮುಚ್ಚಲಿಲ್ಲ. ನನಗ ಅಷ್ಟ ಸಾಕು."

ಗಾಳಿ ಒಂದೇ ಸವನೆ ನುಗ್ಗುತ್ತಿತ್ತು. ತುಟಿಗೆ ಬಂದದ್ದನ್ನು ನಾಗಲಿಂಗ ನುಂಗಿಕೊಂಡ. ನನಗೆ ವಾಸನೆ ಬರುವುದಿಲ್ಲ ಎಂದರೆ ಹೆಂಡತಿ ಕ್ಷಮಿಸಿಯಾಳು, ಮಹಾಂತೇಶ ಬೇರೆ ನಾಲಿಗೆ ಹುಡುಕಿಕೊಂಡಾನು. ಈ ಮುದುಕಿಗೆ ಏನು ಉಳಿದೀತು? ಮಗ ಹೇಸದೇ ಇದ್ದದ್ದು ಪ್ರೀತಿಯಿಂದಲ್ಲ, ಮೂಗು ಸತ್ತದ್ದರಿಂದ ಎಂದು ಇವಳಿಗೆ ಈ ಹೊತ್ತಿನಲ್ಲಿ ಹೇಳುವುದೇ? ಮೂಗು ಇದ್ದಿದ್ದರೆ ಮುಚ್ಚುತ್ತಿದ್ದೆನೇ ಎಂದು ಕೇಳಿಕೊಂಡ. ಮುಚ್ಚುತ್ತಿದ್ದೆ, ಎಲ್ಲರಿಗಿಂತ ಮೊದಲು ಎಂದು ಒಳಗಿನಿಂದ ಉತ್ತರ ಬಂತು. ಆದರೆ ಮೂಗು ಇದ್ದಿದ್ದರೆ ಇವಳಿಗೆ ಈ ಗತಿ ಬರುತ್ತಿರಲಿಲ್ಲ. ಎರಡೂ ಖರೆ. ಎರಡನ್ನೂ ಒಟ್ಟಿಗೆ ಹಿಡಿದು ಕೂಡಲು ಅವನಿಂದಾಗಲಿಲ್ಲ. ತಾಯಿಯ ಕೂದಲು ನೇವರಿಸುತ್ತ ರಸ್ತೆ ನೋಡಿದ.

ದವಾಖಾನೆಯ ಡಾಕ್ಟರು ಸಣ್ಣ ವಯಸ್ಸಿನವರು. ಹುಣ್ಣು ನೋಡಿ ಹೊರಗೆ ಬಂದು, ನಂಜು ರಕ್ತಕ್ಕೆ ಏರಿದೆ, ಎಲುಬು ಮುಟ್ಟಿದೆ, ಭರವಸೆ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ, "ವಾಸನಿ ಯಾವಾಗಿಂದ ಐತಿ? ದಿನಾ ಸ್ವಚ್ಛ ಮಾಡೋರು ಯಾರು?" ಎಂದು ಕೇಳಿದರು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಸಂಗವ್ವನ ಬಿಳಿ ಕೂದಲು ಕಾಣುತ್ತಿತ್ತು. ಬಸವೇಶ್ವರಿ, ಮಹಾಂತೇಶ ಇಬ್ಬರೂ ಅವನನ್ನೇ ನೋಡಿದರು.

"ನಾನ ರಿ," ಎಂದ ನಾಗಲಿಂಗ. "ಮೂರ್ನಾಕ ದಿವಸದಿಂದ ಬರತಿತ್ರಿ."

"ಗೊತ್ತಿದ್ದೂ ಸುಮ್ನಿದ್ರೇನು?"

"ಹೂಂರಿ. ಗೊತ್ತಿತ್ತು."

ಬಸವೇಶ್ವರಿ ಸೆರಗಿನೊಳಗೇ ಬಿಕ್ಕಿ ಗೋಡೆಗೆ ಒರಗಿದಳು. ಡಾಕ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಮುಂದಿನ ಕೋಣೆಗೆ ಹೋದರು. ನಾಗಲಿಂಗನಿಗೆ ವಿಚಿತ್ರವಾದ ಒಂದು ಸಮಾಧಾನವಾಯಿತು. ಇಷ್ಟು ವರ್ಷ ಹೇಳಿದ ಸುಳ್ಳುಗಳಲ್ಲಿ ತನಗಾಗಿ ಅಲ್ಲದ್ದು ಇದೊಂದೇ. ಈ ಒಂದಕ್ಕಾದರೂ ಅರ್ಥವಿದೆ, ತಾಯಿಯ ನಂಬಿಕೆ ತಾಯಿಗೆ ಉಳಿಯಿತು ಎಂದುಕೊಂಡು ಅವಳ ಹತ್ತಿರ ಕೂಡಲು ಒಳಗೆ ಹೋದ.

ಬಾಗಿಲಲ್ಲೇ ನರ್ಸಬಾಯಿ ತಡೆದಳು. "ಹಾಂಗ ಬರಬ್ಯಾಡ್ರಿ. ಇದನ್ನ ಹಾಕ್ಕೊರಿ." ಅವಳ ಕೈಯಲ್ಲಿ ನೀಲಿ ಮಾಸ್ಕು.

"ನನಗ ಬ್ಯಾಡ್ರಿ, ಅಕ್ಕಾರ."

"ನಿಮಗಲ್ರಿ, ಅಜ್ಜಿಗೆ. ಹುಣ್ಣು ತೆರದೈತಿ. ಹಾಕ್ಕೊಳ್ಳದಿದ್ರ ಹೊರಗ ನಿಂದರ್ರಿ." ಹೇಳುತ್ತ ಹೇಳುತ್ತ ತಾನೇ ಅವನ ಕಿವಿಗೆ ಎಳೆ ಸಿಕ್ಕಿಸಿ, ಮೂಗಿನ ಮೇಲಿನ ತಂತಿಯನ್ನು ಎರಡು ಬೆರಳಿಂದ ಒತ್ತಿ ಕೂಡಿಸಿದಳು. ಅವನು ಮಂಚದ ಬದಿಗೆ ಹೋಗಿ ತಾಯಿಯ ಕೈ ಹಿಡಿದುಕೊಂಡ. ಸಂಗವ್ವ ಕಣ್ಣು ತೆರೆದಳು. ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು. ಗುರುತು ಸಿಕ್ಕ ಮೇಲೆ ಅವಳ ನೋಟ ಅವನ ಕಣ್ಣಿನಿಂದ ಕೆಳಗಿಳಿದು ನೀಲಿ ಅರಿವೆಯ ಮೇಲೆ ನಿಂತಿತು.

"ಯವ್ವಾ, ಇದು ಅದಕ್ಕಲ್ಲಬೇ," ಎಂದ ಅವನು. "ಇವರ ಹಾಕ್ಯಾರ. ನನಗ ವಾಸನಿ..." ಮಾತು ಮಾಸ್ಕಿನೊಳಗೇ ಬಿಸಿಯಾಗಿ ಸುತ್ತಿ ಅವನ ಮುಖಕ್ಕೇ ಬಡಿಯಿತು.

"ಇರಲಿ ಬಿಡೋ, ತಮ್ಮಾ," ಎಂದಳು ಸಂಗವ್ವ. "ನೀನರ ಎಷ್ಟಂತ ತಡಕೋತಿ. ಹೊರಗ ಗಾಳಿಗೆ ಕುಂಡ್ರ ಹೋಗು."

ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಅವಳು ಗೋಡೆಯ ಕಡೆ ಮುಖ ಹೊರಳಿಸಿದಳು.